ಗ್ಯಾಲರಿಯ ಕೆಳಗೆ ಬಗ್ಗಿ ನೋಡುತ್ತಿದ್ದವರು

ಮುಳಗುಂದ ಅಂಕಲ್ ಅವರಲ್ಲಿ ನಾನು ಮೊದಲು ಕಂಡದ್ದು ಅವರ ಕಾಲುಗಳನ್ನು. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಿಂದ ಒಂದು ಗಂಟೆ ದೂರದ ಊರಿನ ಬ್ಯಾಸ್ಕೆಟ್‌ಬಾಲ್ ಜಿಮ್ ಅದು. ಪ್ರೇಕ್ಷಕರು ಕೂರುವ ಮರದ ಗ್ಯಾಲರಿಯ ಕೆಳಗಿನಿಂದ ಬೂದು ಸಾಕ್ಸಿನ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಮೈಸೂರಿನಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು ಗಾಬರಿಯಿಂದ, "ಅಮ್ಮಾ, ಇಡು, ಇಲ್ಲಿ ಯಾರೋ ಬಿದ್ದುಬಿಟ್ಟಿದಾರೆ" ಅಂದೆ. ಗ್ಯಾಲರಿಯ ಕೆಳಗಿನಿಂದ ಉತ್ತರ ಬಂತು. "ಬಿದ್ದಿಲ್ರೀ. ನೋಡಾಕತ್ತೀನಿ."

ಮೊದಲು ಟಾರ್ಚು ಹೊರಬಂತು, ಆಮೇಲೆ ಹಸಿರು ಮಫ್ಲರು, ಕೊನೆಗೆ ಮೀಸೆಯಲ್ಲಿ ಜೇಡರ ಬಲೆ ಸಿಕ್ಕಿಸಿಕೊಂಡ ಅರವತ್ತರ ಆಸುಪಾಸಿನ ಒಬ್ಬ ಮನುಷ್ಯ. ಮೊಣಕಾಲಿನ ಧೂಳು ಕೊಡವಿಕೊಂಡು, ನನ್ನ ಅಂಗಿಯ ಮೇಲಿದ್ದ ಕಾಲೇಜಿನ ಹೆಸರನ್ನು ಓದಿ, ಮನೆಗೆ ಬಂದವರಿಗೆ ಕುರ್ಚಿ ತೋರಿಸುವ ಹಾಗೆ ಗ್ಯಾಲರಿಯ ಕಡೆಗೆ ಕೈ ಚಾಚಿದರು. "ಕುಂದರ್ರಿ. ಗಟ್ಟಿ ಐತಿ."

ಅವರೂ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೇ. ನನಗಿಂತ ಹತ್ತು ವರ್ಷ ಮೊದಲು ಓದಿದವರು. ಊರಿನಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆಗಳ ಎಂಜಿನಿಯರ್ ಆಗಿದ್ದವರು ನಲವತ್ತಾರನೆಯ ವಯಸ್ಸಿಗೆ ಹೆಂಡತಿ ಮಗಳ ಜೊತೆ ನ್ಯೂಜಿಲೆಂಡಿಗೆ ಬಂದಿದ್ದರು. ಹಳೆಯ ಪದವಿ ಇಲ್ಲಿ ನಡೆಯದೆ, ಹ್ಯಾಮಿಲ್ಟನ್ನಿನ ನಮ್ಮ ಕಾಲೇಜಿನಲ್ಲಿ ಮಕ್ಕಳ ವಯಸ್ಸಿನವರ ಜೊತೆ ಕೂತು ಡಿಪ್ಲೊಮಾ ಮಾಡಿದರು. ಅದೂ ನಡೆಯಲಿಲ್ಲ. ಆಕ್ಲೆಂಡ್ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿ ಪಾಪಟೋಟೊಯಿಯಲ್ಲಿ ರೈಲಿನ ಸದ್ದು ಕೇಳುವ ಒಂದು ಸಣ್ಣ ಮನೆ ಹಿಡಿದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನರ್ಸ್.

ಬ್ಯಾಸ್ಕೆಟ್‌ಬಾಲ್ ಹುಚ್ಚು ಹೇಗೆ ಹತ್ತಿತೆಂದು ಕೇಳಿದ್ದಕ್ಕೆ, "ಜಿಮ್ಮಿನ್ಯಾಗ ಹೀಟರ್ ಇತ್ತವಾ. ಅದಕ್ಕ ಹೋದೆ. ಆಟ ಆಮ್ಯಾಲ ತಿಳೀತು" ಅಂದಿದ್ದರು. ಓದುವ ಕಾಲದಲ್ಲಿ ಅವರ ರೂಮಿನಲ್ಲಿ ತಡೆಯಲಾರದ ಥಂಡಿ. ಜಿಮ್ಮಿನಲ್ಲಿ ಆಟದ ಗಡಿಯಾರ ಒತ್ತುವುದಕ್ಕೆ ತಂಡದವರು ಯಾರನ್ನೋ ಹುಡುಕುತ್ತಿದ್ದರು. ಎಂಜಿನಿಯರ್ ಸಾಹೇಬರು ಹೋಗಿ ಕೂತರು. ಅಂದಿನಿಂದ ತಂಡದ ಹುಡುಗರು ಎಷ್ಟೋ ಸಲ ಬದಲಾದರೂ ಅವರು ಬರುವುದು ಬಿಡಲಿಲ್ಲ. ನಮ್ಮದೇ ಜಿಮ್ಮಿನಲ್ಲಿ ಆಟವಿದ್ದರೆ ಬರುತ್ತಿರಲಿಲ್ಲ, ಬೇರೆ ಊರಿಗೆ ಹೋಗಿ ಆಡುವ ಆಟಗಳಿಗೆ ಮಾತ್ರ ಬರುತ್ತಿದ್ದರು.

"ಮನ್ಯಾಗಿನ ಆಟಕ್ಕ ಎಲ್ಲಾರೂ ಬರ್ತಾರ. ಪರ ಊರಾಗ ಈ ಹುಡುಗೂರು ತಲಿ ಎತ್ತಿ ನೋಡಿದಾಗ ತಮ್ಮ ಬಣ್ಣದ ಅಂಗಿ ಒಂದರ ಕಾಣಬೇಕಲ್ಲ."

ನಾನು ಹೋಗಿದ್ದಕ್ಕೆ ಅಷ್ಟು ದೊಡ್ಡ ಕಾರಣವೇನೂ ಇರಲಿಲ್ಲ. ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ ಒಂದು ಮನೆಯ ಹಿಂಭಾಗದ ರೂಮಿನಲ್ಲಿದ್ದೆ. ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ, ಅದೂ ಮನೆಯಿಂದಲೇ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರ ಬೆಳಿಗ್ಗೆಯವರೆಗೆ ಅಂಗಡಿಯವಳಿಗೆ ಥ್ಯಾಂಕ್ಸ್ ಹೇಳುವುದು ಬಿಟ್ಟರೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬೇರೆ ಊರಿನ ಆಟಕ್ಕೆ ಬೆಂಬಲ ಕೊಡಲು ಬನ್ನಿ ಎಂದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಲೇಜು ಒಂದು ಇಮೇಲ್ ಕಳಿಸಿತ್ತು. ಅದನ್ನು ನಂಬಿ ಹೋದವಳು ನಾನೊಬ್ಬಳೇ.

ಆಮೇಲೆ ಚಳಿಗಾಲದ ಶನಿವಾರಗಳೆಲ್ಲ ಅವರವಾದವು. ಪಾಪಟೋಟೊಯಿಯಿಂದ ಹೊರಟು ಹತ್ತು ಗಂಟೆಗೆ ರೊಟೊಟೂನದ ಸೂಪರ್‌ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಸದಾ ಮೂರು ಡಬ್ಬಿ. ಒಂದರಲ್ಲಿ ಚುರಮರಿ, ಒಂದರಲ್ಲಿ ಹುಣಸೆಹುಳಿ ಹಾಕಿ ಕುದಿಸಿದ ಒಗ್ಗರಣೆ, ಇನ್ನೊಂದರಲ್ಲಿ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಹಸಿಮೆಣಸು. ಆಟ ಮುಗಿದ ಮೇಲೆ ಮೂರನ್ನೂ ಸ್ಟೀಲಿನ ಬೋಗುಣಿಯಲ್ಲಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ನಮ್ಮ ಹುಡುಗರಿಗೆ ಗಿರ್ಮಿಟ್ ಹಂಚುತ್ತಿದ್ದರು. ಮೊದಲೇ ಕಲಸಿ ತಂದರೆ ಸುಲಭವಲ್ಲವೇ ಅಂದರೆ ನೊಂದುಕೊಳ್ಳುತ್ತಿದ್ದರು. ಕಲಸಿದ ಎರಡು ನಿಮಿಷದಲ್ಲಿ ತಿನ್ನಬೇಕು, ಇಲ್ಲವಾದರೆ ಮೆತ್ತಗಾಗುತ್ತದೆ, ಮೆತ್ತಗಾದದ್ದನ್ನು ಅವರ ಊರಿನಲ್ಲಿ ಎಮ್ಮೆಗೂ ಹಾಕುವುದಿಲ್ಲವಂತೆ.

ಆಟ ನೋಡುವಾಗ ಕೂಗುತ್ತಿರಲಿಲ್ಲ. ಎದುರಾಳಿ ತಂಡದವನು ಚೆನ್ನಾಗಿ ಚೆಂಡು ಹಾಕಿದರೆ ಅವನಿಗೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಹುಡುಗ ಫ್ರೀ ಥ್ರೋ ಹಾಕಲು ನಿಂತರೆ ಮಾತ್ರ ಕಣ್ಣು ಮುಚ್ಚಿಕೊಂಡು, "ಏನಾತು? ಬಿತ್ತೇನು?" ಎಂದು ನನ್ನನ್ನು ಕೇಳುತ್ತಿದ್ದರು. ಒಂದು ಸಲ ಸುಳ್ಳು ಹೇಳಿದೆ, ಬೀಳದಿದ್ದರೂ ಬಿತ್ತೆಂದೆ. ಸ್ಕೋರ್‌ಬೋರ್ಡ್ ನೋಡಿ ನನ್ನ ಕಡೆ ತಿರುಗಿದವರು, "ಮೈಸೂರ್ ಮಂದಿ ಭಾಳ ಮೃದು ಇರ್ತಾರ ಅಂತ ಕೇಳಿದ್ದೆ, ಇಷ್ಟ ಅಂತ ಗೊತ್ತಿರಲಿಲ್ಲ" ಅಂದರು.

ಯಾವ ಜಿಮ್ಮಿಗೆ ಹೋದರೂ ಕೂರುವ ಮೊದಲು ಗ್ಯಾಲರಿಯ ಕೆಳಗೆ ನುಗ್ಗಿ ನೋಡುವುದು ಮಾತ್ರ ತಪ್ಪುತ್ತಿರಲಿಲ್ಲ. ಬೋಲ್ಟುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವರು. ಯಾಕೆ ಈ ಕಷ್ಟ ಎಂದು ಕೇಳಿದ್ದೆ. "ಇಪ್ಪತ್ತ ವರ್ಷ ಸೇತುವಿ ಕೆಳಗ ನಿಂತು ಸಂಬಳ ತಗೊಂಡೇನಿ. ಮ್ಯಾಲ ನಡಿಯಾವ್ರು ಸೇತುವಿ ನೋಡಂಗಿಲ್ಲ ತಂಗಿ, ದಾರಿ ನೋಡ್ತಾರ. ಅದು ಅವರ ತಪ್ಪಲ್ಲ. ನೋಡೂದು ನನ್ನ ಕೆಲಸ." ಆ ಕೆಲಸವನ್ನು ಅವರಿಂದ ಈ ದೇಶ ಎಂದೂ ಕೇಳಲಿಲ್ಲ. ಕೇಳದಿದ್ದರೂ ಅವರು ಮಾಡುತ್ತಲೇ ಇದ್ದರು.

ಕಳೆದ ಜೂನ್‌ನಲ್ಲಿ ಸಮುದ್ರದ ಕಡೆಯ ಒಂದು ಊರಿಗೆ ಹೋಗಿದ್ದೆವು. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಅಂಕಲ್ ಎದ್ದು ನೇರ ರೆಫರಿಯ ಹತ್ತಿರ ಹೋದರು. ಬುಟ್ಟಿಯ ಹಲಗೆಯನ್ನು ಹಿಡಿದಿರುವ ಕಂಬಿ ಅಲುಗುತ್ತಿದೆ, ಆಟ ನಿಲ್ಲಿಸಿ ಎಂದರು. ನಿಲ್ಲಿಸಿದರು. ಏಣಿಗಾಗಿ ಹುಡುಕಾಡಿದರು. ಕೀಲಿಕೈ ಇದ್ದವನು ಮನೆಯಿಂದ ಬರಬೇಕಾಯಿತು. ಮುಕ್ಕಾಲು ಗಂಟೆಯ ನಂತರ ಅವನು ಏಣಿ ಹತ್ತಿ ನೋಡಿ, ಒಂದು ಬೋಲ್ಟನ್ನು ಕಾಲು ಸುತ್ತು ತಿರುಗಿಸಿ ಇಳಿದ. ಅಷ್ಟೇ. ಆ ಊರಿನ ಪ್ರೇಕ್ಷಕರು ಒಟ್ಟಾಗಿ ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದರು, ಅಣಕಿಸುವ ಚಪ್ಪಾಳೆ. ಯಾರೋ ವಿಡಿಯೊ ಮಾಡಿದರು. ನಮ್ಮ ತಂಡದ ನಾಯಕ ಕೂಡ ನೆಲ ನೋಡುತ್ತ ನಿಂತಿದ್ದ. ಅಂಕಲ್ ಮಾತ್ರ ಆರಾಮಾಗಿ ಬಂದು ನನ್ನ ಪಕ್ಕ ಕೂತು, "ಈಗ ಗಟ್ಟಿ ಆತು" ಅಂದರು.

ಹಿಂದಿರುಗುವಾಗ ಕಾರಿನಲ್ಲಿ ನಾನು ಆಡಿದ ಮಾತು ಒಂದಕ್ಷರ ಬಿಡದೆ ನೆನಪಿದೆ. "ಅಂಕಲ್, ನಾವು ಅವರ ಊರಿಗೆ ಹೋಗಿರೋ ಗೆಸ್ಟ್‌ಗಳು. ಅವರ ಮನೇಲಿ ನಿಂತ್ಕೊಂಡು ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದ್ರೆ ಹೇಗೆ? ಈ ಇಂಡಿಯನ್ಸೇ ಹೀಗೆ ಅಂದ್ಕೋತಾರೆ. ಇನ್ಮೇಲೆ ಏನೇ ಕಂಡ್ರೂ ಸುಮ್ನೆ ಇದ್ಬಿಡಿ, ಪ್ಲೀಸ್."

ಅವರು ಮುಂದಿದ್ದ ಹಾಲಿನ ಟ್ಯಾಂಕರನ್ನು ದಾಟಿದರು. ಆಮೇಲೆ ಅಂದರು, "ಆತವಾ. ಇನ್ನ ಮ್ಯಾಲ ಬಾಯಿ ತಗಿಯಂಗಿಲ್ಲ."

ನನಗೆ ಆಗ ಹಗುರವಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮೂರು ವಾರಗಳ ನಂತರ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಆಟವಿತ್ತು. ಅಲ್ಲಿಯ ಗ್ಯಾಲರಿ ಮೇಜಿನ ಡ್ರಾಯರಿನಂಥದು. ಆಟವಿಲ್ಲದ ದಿನ ಸಾಲುಗಳನ್ನೆಲ್ಲ ಒಂದರೊಳಗೊಂದು ಸೇರಿಸಿ ಗೋಡೆಗೆ ತಳ್ಳಿಡುತ್ತಾರೆ. ಆಟದ ದಿನ ಹೊರಗೆಳೆದು ಕೊಕ್ಕೆ ಹಾಕುತ್ತಾರೆ. ಪ್ರತಿ ಸಾಲಿನ ಕೆಳಗೂ ಗಾಲಿ. ಅಂಕಲ್ ಎಂದಿನಂತೆ ಕೆಳಗೆ ಹೋದರು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ನಾಲ್ಕನೆಯ ಸಾಲಿನಲ್ಲಿ ಕೂತೆ. ಎರಡು ನಿಮಿಷದಲ್ಲಿ ಬರುವವರು ಹತ್ತು ನಿಮಿಷವಾದರೂ ಬರಲಿಲ್ಲ. ಬಂದವರು ಇನ್ನೊಂದು ತುದಿಗೆ ಹೋಗಿ ಮತ್ತೆ ನುಗ್ಗಿದರು. ಕೊನೆಗೆ ನನ್ನೆದುರು ಬಂದು ನಿಂತರು.

"ಏನಂಕಲ್?" ಎಂದು ಕೇಳಿದೆ.

"ಏನಿಲ್ಲ" ಅಂದರು. ಅಂದವರು ಹೋಗಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿದ್ದರೆಂಬುದು ನನಗೆ ಈಗ ಗೊತ್ತು. ನಾನು ಫೋನು ನೋಡುತ್ತಿದ್ದೆ. ಇಬ್ಬರೂ ಕೆಳಗೆ ನಿಂತೇ ನೋಡೋಣ ಅಂದರು. ಕಾಲು ನೋಯುತ್ತದೆ, ನೀವು ಬೇಕಾದರೆ ನಿಲ್ಲಿ ಅಂದೆ. ಅವರು ಹೋಗಿ ಬಾಗಿಲಿನ ಬಳಿ ನಿಂತುಕೊಂಡರು.

ಆಟ ಮುಕ್ಕಾಲು ಪಾಲು ಮುಗಿದಿತ್ತು, ನಾವು ಐದು ಅಂಕ ಮುಂದಿದ್ದೆವು. ಆಗ ಅಂಕಲ್ ಕಾರಿನಿಂದ ಡಬ್ಬಿಗಳನ್ನು ತಂದು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟರು. ಆಟ ನಡೆಯುತ್ತಿರುವಾಗಲೇ ಬೋಗುಣಿಗೆ ಚುರಮರಿ ಸುರಿದರು. ಎಂದೂ ಗಟ್ಟಿಯಾಗಿ ಮಾತಾಡದ ಮನುಷ್ಯ ಸಂತೆಯ ವ್ಯಾಪಾರಿಯ ಹಾಗೆ ಇಂಗ್ಲಿಷಿನಲ್ಲಿ ಕರೆಯತೊಡಗಿದರು. ಬನ್ನಿ, ಎಲ್ಲರೂ ಇಳಿದು ಬನ್ನಿ, ಇಂಡಿಯನ್ ತಿಂಡಿ, ಎರಡೇ ನಿಮಿಷ, ಆಮೇಲೆ ರುಚಿ ಇರುವುದಿಲ್ಲ. ಮೊದಲು ಮಕ್ಕಳು ಇಳಿದರು, ಮಕ್ಕಳ ಹಿಂದೆ ತಾಯಂದಿರು, ಆಮೇಲೆ ಇಬ್ಬರು ಮುದುಕರು. ಗ್ಯಾಲರಿಯಲ್ಲಿದ್ದ ನಲವತ್ತು ಜನರಲ್ಲಿ ಮೂವತ್ತು ಜನ ಮೇಜಿನ ಸುತ್ತ ನೆರೆದರು. ಆ ಊರಿನ ಕೋಚ್ ತಿರುಗಿ ತಿರುಗಿ ನೋಡುತ್ತಿದ್ದ. ನನ್ನ ಕಿವಿ ಬಿಸಿಯಾಯಿತು.

ಅಂಕಲ್ ಚಮಚ ಎತ್ತಿ ನನಗೂ ಬಾ ಎಂದು ಸನ್ನೆ ಮಾಡಿದರು. ನಾನು ಸ್ಕೋರ್‌ಬೋರ್ಡ್ ಕಡೆ ಮುಖ ತಿರುಗಿಸಿದೆ. ಆಗ ಒಂದು ಹುಡುಗಿಯನ್ನು ಕಳಿಸಿದರು, ಹತ್ತು ವರ್ಷದವಳಿರಬೇಕು, ಕೆನ್ನೆಯ ತುಂಬ ಕಂದು ಚುಕ್ಕೆ. ಕೆಳಗಿನ ಸಾಲಿನ ಮುಂದೆ ನಿಂತು, ಬಾಯಲ್ಲಿ ಗಿರ್ಮಿಟ್ ಇಟ್ಟುಕೊಂಡೇ, ನಿನ್ನ ಅಪ್ಪ ಈಗಲೇ ಇಳಿದು ಬರಬೇಕಂತೆ, ಮೆತ್ತಗಾಗುತ್ತದಂತೆ ಅಂದಳು.

ಅವರು ನನ್ನ ಅಪ್ಪ ಅಲ್ಲ ಅಂದೆ ನಾನು.

ಅವಳು ಹೋಗಿ ಅದನ್ನು ಅವರಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಆ ಊರಿನ ತಂಡ ಅಂಕಗಳನ್ನು ಸರಿಸಮ ಮಾಡಿತು. ಗ್ಯಾಲರಿಯಲ್ಲಿ ಉಳಿದಿದ್ದ ಹತ್ತು ಜನ ಹುರುಪಿನಿಂದ ಹಲಗೆಯ ಮೇಲೆ ಒಟ್ಟಿಗೆ ಕಾಲು ಬಡಿಯತೊಡಗಿದರು. ಧಡ್, ಧಡ್, ಧಡ್. ಅಂಕಲ್ ಚಮಚ ಬಿಸಾಕಿ ಓಡಿ ಬಂದರು. ನಾಲ್ಕು ಸಾಲು ಹತ್ತಿ ನನ್ನ ಮಣಿಕಟ್ಟು ಹಿಡಿದರು. ಒಂದು ವರ್ಷದ ಪರಿಚಯದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಇಳಿ ತಂಗಿ."

"ಬಿಡಿ ಅಂಕಲ್, ಎಲ್ಲಾ ನೋಡ್ತಿದಾರೆ."

"ನೋಡಲಿ. ಇಳಿ."

ನನ್ನನ್ನು ಎಳೆದುಕೊಂಡೇ ಉಳಿದವರಿಗೂ ಇಳಿಯಿರಿ, ಕಾಲು ಬಡಿಯಬೇಡಿ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಜನ ನಕ್ಕರು. ನಾವು ಎರಡು ಸಾಲು ಇಳಿದಿದ್ದೆವು. ರೈಲು ಡಬ್ಬಿಗಳು ಒಂದಕ್ಕೊಂದು ಗುದ್ದಿದಂಥ ಸದ್ದಾಯಿತು. ನನ್ನ ಬೆನ್ನನ್ನು ಒಂದು ಕೈ ಬಲವಾಗಿ ತಳ್ಳಿತು. ನಾನು ಆಟದ ಅಂಗಳದ ಮೇಲೆ ಮಕಾಡೆ ಬಿದ್ದೆ. ತಿರುಗಿ ನೋಡಿದಾಗ ಗ್ಯಾಲರಿಯ ಸಾಲುಗಳು ಗೋಡೆಯ ಕಡೆಗೆ ಅರ್ಧ ಮಡಿಚಿಕೊಂಡಿದ್ದವು. ಅಂಕಲ್ ಎರಡು ಸಾಲುಗಳ ನಡುವೆ ನಿಂತಿದ್ದರು. ಅವರ ಒಂದು ಕಾಲು ಕಾಣಿಸುತ್ತಿರಲಿಲ್ಲ.

ಎರಡೂ ತಂಡದ ಹುಡುಗರು ಓಡಿ ಬಂದು ಸಾಲನ್ನು ಹಿಡಿದರು, ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತ. ಅಂಕಲ್ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಆದರೂ ಅವರೇ ಹೇಳಿಕೊಟ್ಟರು, ಮೊದಲು ಎಡಗಡೆಯವರು, ಆಮೇಲೆ ಎಲ್ಲರೂ ಒಟ್ಟಿಗೆ, ಎತ್ತಬೇಡಿ, ಎಳೆಯಿರಿ. ಗ್ಯಾಲರಿಯಲ್ಲಿ ಉಳಿದಿದ್ದವರಲ್ಲಿ ಒಬ್ಬನ ಹೆಗಲ ಮೂಳೆ ಮುರಿದಿತ್ತು, ಕೆಲವರಿಗೆ ತರಚಿತ್ತು. ಬಾಗಿಲಿನ ಬಳಿ ಮೂವತ್ತು ಜನ ಕಾಗದದ ತಟ್ಟೆ ಹಿಡಿದುಕೊಂಡು ಕದಲದೆ ನಿಂತಿದ್ದರು. ತಟ್ಟೆಯನ್ನು ಎಲ್ಲಿ ಇಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಮೊಣಕಾಲಿನ ಕೆಳಗೆ ಅವರ ಕಾಲು ಉಳಿಯಲಿಲ್ಲ.

ಅಂದಿನಿಂದ ಆ ಶನಿವಾರ ನನ್ನಲ್ಲಿ ನಿಂತುಹೋಗಿದೆ. ಅಡುಗೆಮನೆಯಲ್ಲಿ ಡ್ರಾಯರ್ ಮುಚ್ಚುವಾಗ ಕೈ ತಡೆಯುತ್ತದೆ. ಕೆಲಸದ ಮೀಟಿಂಗಿನ ನಡುವೆ ಲೆಕ್ಕ ಹಾಕುತ್ತೇನೆ. ಹುಡುಗಿ ಬಂದು ಹೇಳಿದಾಗಲೇ ಎದ್ದಿದ್ದರೆ? ಚಮಚ ಎತ್ತಿ ಕರೆದಾಗ? ಎದುರು ಬಂದು ನಿಂತಾಗ ಇನ್ನೊಂದು ಸಲ ಕೇಳಿದ್ದರೆ? ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಆ ಕಾರು, ಆ ಹಾಲಿನ ಟ್ಯಾಂಕರು, ನನ್ನದೇ ದನಿ.

ಅಪಘಾತದ ತನಿಖೆಯ ಅಧಿಕಾರಿಣಿ ಒಬ್ಬಳು ನನ್ನ ಹೇಳಿಕೆ ಪಡೆಯಲು ರೊಟೊಟೂನಕ್ಕೆ ಬಂದಿದ್ದಳು. ಮೆಲುದನಿಯ ಹೆಂಗಸು. ಒಂದು ಕೊಕ್ಕೆ ಪೂರ್ತಿ ಕೂತಿರಲಿಲ್ಲವೆಂದು ಆಕೆಯಿಂದಲೇ ತಿಳಿಯಿತು. ಆಟಕ್ಕೆ ಮೊದಲು ಯಾರಾದರೂ ಏನನ್ನಾದರೂ ಗಮನಿಸಿದ್ದರೇ ಎಂದು ಕೇಳಿದಳು. ಹೌದೆಂದರೆ, ಎಂಜಿನಿಯರ್ ಒಬ್ಬ ನೋಡಿಯೂ ಸುಮ್ಮನಿದ್ದ ಎಂದಾಗುತ್ತದೆ. ಯಾಕೆ ಸುಮ್ಮನಿದ್ದ ಎಂಬ ಪ್ರಶ್ನೆ ಬರುತ್ತದೆ. ಅವರನ್ನು ಉಳಿಸುತ್ತಿದ್ದೇನೆ ಎಂದುಕೊಂಡೇ, ನನಗೆ ತಿಳಿದ ಮಟ್ಟಿಗೆ ಇಲ್ಲ ಅಂದೆ. ಆಕೆ ಬರೆದುಕೊಂಡಳು. ಆಕೆ ಹೋದ ಮೇಲೆ ನಾನು ಯಾರನ್ನು ಉಳಿಸಿದೆ ಎಂಬುದು ನಿಧಾನವಾಗಿ ತಿಳಿಯಿತು. ಅಂಕಲ್ ಬೇಕೆಂದೇ ಮೂವತ್ತು ಜನರನ್ನು ಇಳಿಸಿದ್ದರೆಂಬುದು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಅದರ ಪ್ರಕಾರ ಅವರೊಬ್ಬ ಆಟದ ನಡುವೆ ತಿಂಡಿ ಹಂಚಿದ ಮುದುಕ.

ಕೊನೆಯ ಸಲ ಅವರನ್ನು ನೋಡಿದ್ದು ಸೆಪ್ಟೆಂಬರಿನ ಒಂದು ಭಾನುವಾರ, ಪಾಪಟೋಟೊಯಿಯ ಮನೆಯಲ್ಲಿ. ಮಗಳು ಸುಜಾತಾ ಪರ್ತ್‌ನಿಂದ ಅವರನ್ನು ಕರೆದೊಯ್ಯಲು ಬಂದಿದ್ದಳು. ಪಾತ್ರೆಗಳನ್ನೆಲ್ಲ ಯಾರಿಗೋ ಕೊಟ್ಟಾಗಿತ್ತು. ಚಹಾ ಕುಡಿಯಲು ಮೂರೇ ಲೋಟ ಉಳಿದಿದ್ದವು. ಅಂಕಲ್ ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಸುಜಾತಾ ಸೂಟ್‌ಕೇಸು ತರಲು ಒಳಗೆ ಹೋದಾಗ, ಎರಡು ತಿಂಗಳಿಂದ ಬಾಯಿಗೆ ಬಾರದಿದ್ದ ಮಾತನ್ನು ಆಡಿದೆ. ನಾನು ಆವತ್ತು ಕಾರಿನಲ್ಲಿ ಹಾಗೆ ಹೇಳಬಾರದಿತ್ತು ಅಂದೆ.

"ಹೌದು. ನೀ ಹೇಳಿದ್ದು ತಪ್ಪು" ಅಂದರು, ತಡವರಿಸದೆ. "ನಾ ಕೇಳಿದ್ದು ಇನ್ನೂ ದೊಡ್ಡ ತಪ್ಪು. ಆಮ್ಯಾಲ, ಚುರಮರಿ ಇಟ್ಟು ಮಂದೀನ ಇಳಸ್ತೀನಿ ಅಂತ ಹೊಂಟ್ನೆಲ್ಲ, ಅದಕ್ಕ ಏನಂತೀ? ಕೊಕ್ಕಿ ಕೂತಿಲ್ಲ ಅಂತ ಒಂದ ಮಾತು ಹೇಳಿದ್ರ ಸಾಕಾಗಿತ್ತು."

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

"ಆ ಆಫೀಸರ್ ಬಾಯಿ ನನ್ನ ಕಡೇನೂ ಬಂದಿದ್ಲು" ಅಂದರು. "ನಾ ನೋಡಿದ್ದೆ, ನೋಡಿ ಸುಮ್ನಿದ್ದೆ ಅಂತ ಬರಸೇನಿ. ಯಾರರ ಸುಮ್ನಿರು ಅಂದ್ರೇನು ಅಂತ ಕೇಳಿದ್ಲು. ಯಾರೂ ಅಂದಿಲ್ಲ ಅಂದೆ." ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿನ್ನ ಹೆಸರು ಎಲ್ಲೂ ಬಂದಿಲ್ಲ. ನೀ ಇನ್ನೂ ಈ ದೇಶದಾಗ ಬಾಳುವೆ ಮಾಡಾಕಿ."

ಸುಜಾತಾ ಬಂದಳು. ಮಾತು ಪರ್ತ್‌ನ ಬಿಸಿಲಿಗೆ ಹೊರಳಿತು. ನಾನು ಹೊರಟಾಗ ಅವರು ಕಿಟಕಿಯಿಂದ ಕೈ ಎತ್ತಿದರು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ, ಗಾಜಿನಲ್ಲಿ ಕಂಡೆ.

ಅವರು ಪರ್ತ್‌ಗೆ ಹೋದ ವಾರವೇ ನಾನು ಅಧಿಕಾರಿಣಿಗೆ ಇನ್ನೊಂದು ಹೇಳಿಕೆ ಬರೆದು ಕಳಿಸಿದೆ. ಅವರು ಏನು ನೋಡಿದರು, ಯಾಕೆ ಸುಮ್ಮನಿದ್ದರು, ಸುಮ್ಮನಿರಿ ಎಂದವರು ಯಾರು, ಕಲಸಿದ ಗಿರ್ಮಿಟ್ ಎಷ್ಟು ಜನರನ್ನು ಕೆಳಗಿಳಿಸಿತು, ಎಲ್ಲವನ್ನೂ ಬರೆದೆ. ತಲುಪಿದೆ, ಕಡತಕ್ಕೆ ಸೇರಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನು ಹೇಳಲು ಪರ್ತ್‌ಗೆ ಫೋನ್ ಮಾಡಿದೆ. ಸುಜಾತಾ ಎತ್ತಿಕೊಂಡಳು, ಅಪ್ಪ ಮಲಗಿದ್ದಾರೆ ಅಂದಳು. ಅವಳಿಗೇ ಎಲ್ಲ ಹೇಳಿದೆ. ಅವಳು ಎದ್ದುಹೋಗಿ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಅಪ್ಪಾಗ ಇದನ್ನ ಹೇಳಬ್ಯಾಡ್ರಿ" ಅಂದಳು. "ನಿಮ್ಮನ್ನ ಉಳಿಸೇನಿ ಅಂತ ಭಾಳ ಸಮಾಧಾನದಾಗ ಅದಾರ. ಅವ್ರಿಗೆ ಈಗ ಉಳದದ್ದು ಅದೊಂದ."

ಕಳೆದ ಭಾನುವಾರ ಅವರೇ ಫೋನ್ ಮಾಡಿದ್ದರು. ಕೃತಕ ಕಾಲು ಕಚ್ಚುತ್ತದಂತೆ, ಅಲ್ಲಿಯ ಸಾರು ರುಚಿಸುವುದಿಲ್ಲವಂತೆ. ಅದು ಇದು ಮಾತಾಡಿ ಕೊನೆಗೆ ಮೆಲ್ಲಗೆ ಕೇಳಿದರು, ಆ ಆಫೀಸರ್ ಬಾಯಿ ಮತ್ತೆ ಬಂದಿದ್ದಳೇ, ಏನಾದರೂ ಕೇಳಿದಳೇ ಎಂದು.

"ಇಲ್ಲ ಅಂಕಲ್" ಅಂದೆ. "ಏನೂ ಕೇಳಲಿಲ್ಲ."

"ನಾ ಅಂದಿದ್ದಿಲ್ಲೇನು" ಅಂದರು. ಅವರ ದನಿಯಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯಬೇಕಾಯಿತು.